ಮಣ್ಣಿನ ಜೀವವೂ ಲೆಕ್ಕಕ್ಕೆ ಬರಲಿ
ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಷ್ಟನ್ನೇ ನೋಡಿ ಮಣ್ಣಿನ ಜೀವಸಂಕುಲವನ್ನು ಅಳೆಯುವ ಪದ್ಧತಿ ಬಹುಕಾಲ ನಡೆಯಿತಾದರೂ, ಹಾಗೆ ಬೆಳೆಯುವಂಥವು ಸಾಮಾನ್ಯವಾಗಿ ಒಟ್ಟು ಸಂಖ್ಯೆಯ ಶೇ 1ರ ಆಸುಪಾಸಿನಲ್ಲಷ್ಟೇ ಇರುತ್ತವೆ. ನಾರ್ವೆಯ ವಿಜ್ಞಾನಿ ವಿಗ್ಡಿಸ್ ಟೋರ್ಸ್ವಿಕ್ ಮತ್ತು ಸಂಗಡಿಗರು 1990ರಲ್ಲಿ ಕಾಡಿನ ಮಣ್ಣಿನ ಬ್ಯಾಕ್ಟೀರಿಯಾಗಳಿಂದ, ಅವನ್ನು ತಟ್ಟೆಯಲ್ಲಿ ಬೆಳೆಸದೆಯೇ, ಡಿಎನ್‌ಎ ಬೇರ್ಪಡಿಸಿ, ಅದರ ಜೋಡಿ ಎಳೆಗಳನ್ನು ಕಾಯಿಸಿ ಬಿಡಿಸಿ, ಅವು ಮತ್ತೆ ಕೂಡಿಕೊಳ್ಳುವ ವೇಗವನ್ನು ಅಳೆದಾಗ (ವೈವಿಧ್ಯ ಹೆಚ್ಚಿದಷ್ಟೂ ಈ ಮರುಜೋಡಣೆ ನಿಧಾನವಾಗುತ್ತದೆ), ಸುಮಾರು 4,000 ಬಗೆಯ ಬ್ಯಾಕ್ಟೀರಿಯಾಗಳಿಗೆ ಸಮನಾದ ವೈವಿಧ್ಯ ಕಂಡುಬಂದಿತು. ತಟ್ಟೆಯಲ್ಲಿ ಬೆಳೆದವುಗಳ ವೈವಿಧ್ಯಕ್ಕಿಂತ ಅದು ಸುಮಾರು 200 ಪಟ್ಟು ಹೆಚ್ಚು. ಇಂದು, ಸತ್ತ ಜೀವಕೋಶಗಳ ಡಿಎನ್‌ಎಯೂ ಎಣಿಕೆಗೆ ಸೇರಿಬಿಡುವ ಮಿತಿಯಿದ್ದರೂ, ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಜೀನನ್ನು ಓದಿ ಯಾವ ಗುಂಪಿನವು ಮಣ್ಣಿನಲ್ಲಿವೆಯೆಂದು ಗುರುತಿಸಬಹುದು. ಆದರೆ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಗಾಗಿ ಪರೀಕ್ಷಿಸುವ 12 ಅಂಶಗಳಲ್ಲಿ ಸೂಕ್ಷ್ಮಜೀವಿಗಳಿಗೆ ಜಾಗವಿಲ್ಲ. ಆಯ್ದ ಕೆಲವು ತಾಲ್ಲೂಕುಗಳಲ್ಲಾದರೂ ಕೃಷಿ ವಿಶ್ವವಿದ್ಯಾಲಯಗಳು 16ಎಸ್ ಜೀನ್ ಓದುವ ಪರೀಕ್ಷೆಯನ್ನು ಕೈಗೆತ್ತಿಕೊಳ್ಳಬೇಕು.