179 ರೂಪಾಯಿ 20 ಪೈಸೆ
ಇಂದೋರಿನ ಶಾ ಬಾನೊ 1978ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೊಟ್ಟೆಪಾಡಿಗಾಗಿ. 43 ವರ್ಷದ ಸಂಸಾರದ ಬಳಿಕ ವಕೀಲ ಗಂಡ ಆಕೆಯನ್ನು ಮನೆಯಿಂದ ಹೊರಹಾಕಿದ್ದ. ಮ್ಯಾಜಿಸ್ಟ್ರೇಟರು ಕೊಡಿಸಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದರೆ, ಮರುವರ್ಷವೇ ಸಂಸತ್ತು ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೆಂದು ಬೇರೆ ಕಾಯ್ದೆ ತಂದು ಜೀವನಾಂಶದ ಹಕ್ಕಿಗೆ ಕತ್ತರಿ ಹಾಕಿತು. 2001ರಲ್ಲಿ ನ್ಯಾಯಾಲಯ ಅದೇ ಕಾಯ್ದೆಯನ್ನು ಹೆಣ್ಣಿನ ಪರವಾಗಿ ಅರ್ಥೈಸಿತು. ಎಲ್ಲರಿಗೂ ಇದ್ದ, ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಸೆಕ್ಷನ್ 125 ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಉಂಟೆಂದು 2024ರಲ್ಲಿ ಸ್ಪಷ್ಟವಾಗಿ ಹೇಳಿತು. ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿ, ಸಮಾನತೆಯ 14ನೇ ವಿಧಿ ಎರಡೂ ಒಂದೇ ಸಂವಿಧಾನದವು. ಅಲ್ಪಸಂಖ್ಯಾತರ ರಕ್ಷಣೆಯೆಂದರೆ ಸಮುದಾಯದ ಮುಖಂಡರ ಮಾತಿಗೆ ತಲೆದೂಗುವುದಲ್ಲ. ಆ ಸಮುದಾಯದೊಳಗಿನ ಅತಿ ದುರ್ಬಲರ ಕೈಗೂ ಕಾನೂನು ಎಟುಕುವಂತೆ ನೋಡಿಕೊಳ್ಳುವುದು.