ಗೂಬೆಯ ಮೇಲೆ ಗೂಬೆ ಕೂರಿಸಬೇಡಿ



ಮನೆಗೆ ಗೂಬೆ ಹೊಕ್ಕರೆ ಅಪಶಕುನವೆಂದು ನಮ್ಮ ನಂದಿಕೂರು, ಪಡುಬಿದ್ರಿ ಕಡೆಯ ಹಿರಿಯರು ಇಂದಿಗೂ ಹೇಳುವುದುಂಟು. ನಮ್ಮ ಹಟ್ಟಿಯ ಅಟ್ಟದಲ್ಲಿ ಕಣಜ ಗೂಬೆಗಳ ಜೋಡಿಯೊಂದು ಗೂಡು ಮಾಡಿದಾಗ ಮನೆಯವರೆಲ್ಲ ಓಡಿಸೆಂದರು. ನಾನು ಓಡಿಸಲಿಲ್ಲ, ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ.

ಹೃದಯದ ಆಕಾರದ ಬಿಳಿ ಮುಖ, ಬಂಗಾರ ಮತ್ತು ಬೂದು ಬಣ್ಣ ಬೆರೆತ ಬೆನ್ನು, ಬಿಳಿ ಹೊಟ್ಟೆ ಈ ಹಕ್ಕಿಯ ಗುರುತು. ಇದು ಗೂಕ್ ಎನ್ನುವುದಿಲ್ಲ, ಕಿರುಚುತ್ತದೆ. ಮರಿಗಳು ಬುಸುಗುಡುವುದನ್ನು ಕೇಳಿ ಹಾವೆಂದು ಹೆದರುವವರಿದ್ದಾರೆ. ಸದ್ದಿಲ್ಲದೆ ಹಾರಿ, ಕತ್ತಲಲ್ಲಿ ಕಿವಿಯಿಂದಲೇ ಇಲಿಯನ್ನು ಪತ್ತೆ ಹಚ್ಚುತ್ತದೆ. ಇಡಿಯಾಗಿ ನುಂಗಿ, ಎಲುಬು ಕೂದಲುಗಳನ್ನು ಉಂಡೆಯಾಗಿ ಕಕ್ಕುತ್ತದೆ. ಆ ಉಂಡೆ ಬಿಡಿಸಿ ನೋಡಿದರೆ ಇಲಿಯ ತಲೆಬುರುಡೆ ಸಿಗುತ್ತದೆ.

ಸಾಮಾನ್ಯವಾಗಿ 4ರಿಂದ 7 ಮೊಟ್ಟೆ. ಮೊದಲ ಮೊಟ್ಟೆಯಿಂದಲೇ ಕಾವು ಕೊಡುವುದರಿಂದ ಸುಮಾರು 30 ದಿನಗಳ ಬಳಿಕ ಮರಿಗಳು ಒಂದರ ಹಿಂದೊಂದರಂತೆ ಹೊರಬರುತ್ತವೆ. ಸುಮಾರು 2 ತಿಂಗಳು ಹಾರಲಾರವು. ಹೆಣ್ಣು ಗೂಡಿನಲ್ಲಿರುವಷ್ಟು ದಿನ ಗಂಡು ತಂದದ್ದೇ ಎಲ್ಲರಿಗೂ ಆಹಾರ.

ಸೀಯಾಳ ಕೊರೆದು, ಕೊಕ್ಕೋ ಕಾಯಿ ತೂತು ಮಾಡುವ ಇಲಿಗಳ ಕಾಟ ತಡೆಯಲಾರದೆ ನಾನು ಬ್ರೋಮಾಡಿಯೋಲೋನ್ ಪಾಷಾಣ ಇಟ್ಟೆ. ಇದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ನಿತ್ರಾಣವಾಗಿ ಓಡಾಡುತ್ತದೆ. ಗೂಬೆಗೆ ಅದೇ ಸುಲಭದ ತುತ್ತು. ಎರಡನೆಯ ವಾರ ಬೇಟೆ ತರುತ್ತಿದ್ದ ಹಕ್ಕಿ ತೋಟದ ಕಣಿಯಲ್ಲಿ ಸತ್ತುಬಿದ್ದಿತ್ತು. ಪರೀಕ್ಷೆ ಮಾಡಿಸಿದವನಲ್ಲ, ಆದರೆ ನನಗೆ ಬೇರೆ ಕಾರಣ ತೋರುವುದಿಲ್ಲ. ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಮುಂದಿನ ವರ್ಷ ಇಲಿಗಳು ಮರಳಿ ಬಂದವು, ಗೂಬೆ ಬರಲಿಲ್ಲ.

ಮಲೇಶಿಯಾದ ಎಣ್ಣೆತಾಳೆ ತೋಟಗಳಲ್ಲಿ ಇಲಿಯ ಹತೋಟಿಗೆಂದೇ ಕಂಬದ ಮೇಲೆ ಪೆಟ್ಟಿಗೆಯಿಟ್ಟು ಈ ಹಕ್ಕಿಯನ್ನು ಕರೆಯುತ್ತಾರೆ. ಗೂಬೆಯೊಂದಿದ್ದರೆ ಎಲ್ಲ ಕಾಟವೂ ತೀರುತ್ತದೆಂದು ನನ್ನ ವಾದವಲ್ಲ. ಹಗಲು ಬರುವ ಅಳಿಲಿಗೆ ಅದು ಉಪಾಯವಾಗದು. ಆದರೆ ಮೊದಲು ಬೋನು ಇಡೋಣ, ಹಣ್ಣಾದ ಕೊಕ್ಕೋವನ್ನು ತಡಮಾಡದೆ ಕೊಯ್ಯೋಣ. ಪಾಷಾಣ ಅನಿವಾರ್ಯವಾದರೆ ಸತ್ತ ಇಲಿಗಳನ್ನು ದಿನವೂ ಹೆಕ್ಕಿ ಹೂಳೋಣ. ಹತ್ತಿರದಲ್ಲಿ ಗೂಬೆಯ ಗೂಡಿದ್ದರೆ ಪಾಷಾಣ ಬೇಡವೇ ಬೇಡ. ಗೂಬೆಯನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದೂ ನೆನಪಿರಲಿ.

ಅಟ್ಟದ ಗೂಬೆಯಿಂದ ನನ್ನ ಮನೆಗೆ ಯಾವ ಅನಿಷ್ಟವೂ ಬರಲಿಲ್ಲ. ಅದರ ಮನೆಗೆ ನನ್ನಿಂದ ಬಂತು.

— ನಂದಿಕೂರಿನ ಒಬ್ಬ ಸದಸ್ಯ