ಸೀಲ್ ಬಿಚ್ಚುವ ಮೊದಲು

ಸವದತ್ತಿ ಗುಡ್ಡಗಳ ಗಾಳಿಯಂತ್ರಗಳ ಬುಡದಲ್ಲಿ ಬೋಲ್ಟ್ ಬಿಗಿಯುವ ಹೈಡ್ರಾಲಿಕ್ ಟಾರ್ಕ್ ರೆಂಚ್ ಕೈಕೊಟ್ಟರೆ ಮೊದಲು ಬರುವ ಮಾತು ‘ಸೀಲ್ ಹೋಗೇತಿ, ಬಿಚ್ಚರಿ’. ಹಾಗೆನ್ನುವವರ ಅನುಭವದ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಆ ತೀರ್ಪು ಅವಸರದ್ದು.

ಅದು ಎಲ್ಲಿಂದ ಬಂತೆಂಬುದು ತಿಳಿಯದ್ದೇನಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಗ್ಯಾರೇಜುಗಳಲ್ಲಿ ಕೈ ಪಳಗುವುದು ಟ್ರ್ಯಾಕ್ಟರ್ ಟ್ರೇಲರಿನ ಜಾಕಿನ ಮೇಲೆ. ಅದರಲ್ಲಿ ಎಣ್ಣೆ ಹೋಗಿಬರಲು ಒಂದೇ ಹಾದಿ. ಎತ್ತಿದ ಲೋಡು ನಿಲ್ಲದೆ ಇಳಿದರೆ ಸೀಲನ್ನು ಶಂಕಿಸುವುದು ನ್ಯಾಯವೇ. ರೆಂಚಿಗಾದರೋ ಪಂಪಿನಿಂದ ಎರಡು ಪೈಪು: ಒಂದು ಪಿಸ್ಟನ್ ತಳ್ಳಲು, ಇನ್ನೊಂದು ಹಿಂದೆ ತರಲು. ಒತ್ತಡ 700 ಬಾರ್‌ವರೆಗೂ ಏರುತ್ತದೆ. ಹಿಂದಿರುಗುವ ಪೈಪಿನ ಕಪ್ಲರ್ ಅರ್ಧ ಮಾತ್ರ ಕೂತಿದ್ದರೆ ಎಣ್ಣೆ ಹೊರಬರಲಾರದು. ಗೇಜು ಪೂರ್ತಿ ಒತ್ತಡ ತೋರಿಸುತ್ತದೆ, ನಟ್ಟು ಅಲುಗುವುದಿಲ್ಲ. ಸೀಲಿನ ತಪ್ಪು ಅಲ್ಲೇನೂ ಇಲ್ಲ.

ಆದ್ದರಿಂದ ಮೊದಲು ಪಂಪು ನಿಲ್ಲಿಸಿ, ಗೇಜು ಸೊನ್ನೆಗೆ ಇಳಿದ ಮೇಲೆ ರೆಂಚನ್ನು ಬೇರ್ಪಡಿಸಿ ಪಂಪನ್ನಷ್ಟೇ ಓಡಿಸಿ ನೋಡಬೇಕು. ಒತ್ತಡ ಏರದಿದ್ದರೆ ದೋಷ ಪಂಪಿನ ಕಡೆಯದು: ಎಣ್ಣೆ ಕಡಿಮೆ, ರಿಲೀಫ್ ವಾಲ್ವ್ ಸಡಿಲ, ಇಲ್ಲವೇ ಫಿಲ್ಟರ್ ಕಟ್ಟಿದೆ. ಏರಿ ನಿಂತರೆ ಕಪ್ಲರುಗಳನ್ನು ಪೂರ್ತಿ ಕೂರಿಸಿ ಮತ್ತೆ ಪರೀಕ್ಷಿಸಿ. ಆಮೇಲೂ ರೆಂಚಿನಲ್ಲಿ ಒತ್ತಡ ಬೀಳುತ್ತಿದ್ದರೆ ಸೀಲಿನ ಸರದಿ. ಸೋರಿಕೆ ಹುಡುಕಲು ಪೈಪಿನ ಮೇಲೆ ಕೈಯಾಡಿಸಲೇಬೇಡಿ. ಕೂದಲೆಳೆಯ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ರಟ್ಟಿನ ತುಂಡು ಹಿಡಿದರೆ ಸಾಕು.

‘ಸೀಲ್ ಕಿಟ್ ಅಗ್ಗ, ಕೆಲಸ ನಿಂತರೆ ನಷ್ಟ ದೊಡ್ಡದು’ ಎಂಬ ವಾದಕ್ಕೂ ತೂಕವಿದೆ. ಆದರೆ ಯಾವ ಗಾಳಿಗಾಗಿ ಗುಡ್ಡದ ಮೇಲೆ ಕಂಬ ನಿಲ್ಲಿಸಿದ್ದಾರೋ ಅದೇ ಗಾಳಿ ಬಿಚ್ಚಿಟ್ಟ ಸಿಲಿಂಡರಿನೊಳಗೆ ಧೂಳು ತುಂಬುತ್ತದೆ, ಹೊಸ ಸೀಲಿಗೂ ಗೀರು ಬೀಳುತ್ತದೆ. ಬಿಚ್ಚಲೇಬೇಕೆಂದರೆ ಕೆಳಗೆ ತನ್ನಿ. ಹೈಡ್ರಾಲಿಕ್ ಪಂಪು, ವಾಲ್ವುಗಳನ್ನೇ ತಯಾರಿಸುವ ಬೆಳಗಾವಿ ಇದೇ ಜಿಲ್ಲೆಯಲ್ಲಿದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬೋಲ್ಟ್ ಸಡಿಲ ಸಿಕ್ಕಿತೆಂದು ರೆಂಚು ಕೆಟ್ಟಿದೆ ಎನ್ನಲಾಗದು. ಕೊಟ್ಟ ಟಾರ್ಕಿನಲ್ಲಿ ಬೋಲ್ಟನ್ನು ಎಳೆದು ಹಿಡಿಯಲು ಒದಗುವುದು ಶೇಕಡಾ 10ರ ಆಸುಪಾಸು. ಉಳಿದದ್ದು ನಟ್ಟಿನಡಿಯ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೆ ಹೋಗುತ್ತದೆ. ತುಕ್ಕು ಹಿಡಿದ, ಒಣಗಿದ ಥ್ರೆಡ್ಡಿನ ಮೇಲೆ ಸರಿಯಾಗಿರುವ ರೆಂಚೂ ಸಾಕಷ್ಟು ಬಿಗಿಯಲಾರದು. ತಯಾರಕರು ಹೇಳಿದ ಪೇಸ್ಟ್ ಬಿಟ್ಟು ಕೈಗೆ ಸಿಕ್ಕ ಗ್ರೀಸ್ ಸವರಿದರೆ ಬಿಗಿತ ಮಿತಿ ಮೀರಿ ಬೋಲ್ಟೇ ಸೋಲಬಹುದು. ರೆಂಚನ್ನು ರಿಪೇರಿಗೆ ಕಳಿಸುವ ಮುನ್ನ ಆ ಬೋಲ್ಟಿನ ಥ್ರೆಡ್ಡನ್ನು ಒರೆಸಿ ನೋಡಿ ಎಂದು ಕೇಳುವುದು ಅದಕ್ಕೇ.